ಉಬ್ಬು ಹಣೆಯ ವರ

ಫ್ಲವರ್‌ಹಾರ್ನ್ ಮೀನಿನ ವಂಶವನ್ನು ಬೆಳಗಿಸಿಯೇ ತೀರುತ್ತೇನೆಂದು ನಾನು ಕಚೇರಿಯಲ್ಲಿ ಘೋಷಿಸಿಬಿಟ್ಟೆ! ಹಲವು ಜಾತಿಯ ಮೀನುಗಳನ್ನು ಬೆರೆಸಿ ಮನುಷ್ಯರೇ ಹುಟ್ಟಿಸಿದ ತಳಿ ಅದು. ಕೆಂಡದ ಬಣ್ಣ, ಪಕ್ಕೆಯಲ್ಲಿ ಮಸಿ ಚೆಲ್ಲಿದಂಥ ಚುಕ್ಕೆಗಳು, ಹಣೆಯ ಮೇಲೆ ಗುಡ್ಡದಂಥ ಉಬ್ಬು. ಮರಿಗಳ ಆಸೆಗೆ ಸಹೋದ್ಯೋಗಿಗಳು ತೊಳೆದ ಗಾಜಿನ ಜಾಡಿಗಳನ್ನು ಮೊದಲೇ ತಂದು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು.

ಜೋಡಿಯನ್ನು ಆರಿಸಿದವಳು ನಾನೇ. ಉಬ್ಬು ದೊಡ್ಡದಿದ್ದರೆ ಗಂಡು, ಚಿಕ್ಕದಿದ್ದರೆ ಹೆಣ್ಣು, ಇದರಲ್ಲೇನು ಮಹಾ! ಕಚ್ಚಾಡದಿರಲೆಂದು ತೊಟ್ಟಿಯ ನಡುವೆ ಗಾಜಿನ ಅಡ್ಡಗೋಡೆ ಇಟ್ಟೆ. ಕನ್ನಡಿ ತೋರಿಸಿದರೆ ಎದುರಾಳಿ ಬಂದನೆಂದು ವರ ಸೆಟೆದುಕೊಳ್ಳುತ್ತಾನೆ, ಬಣ್ಣ ಏರುತ್ತದೆ ಎಂದು ಕೇಳಿದ್ದೆ. ಸರಿ, ಬಚ್ಚಲಿನ ಕನ್ನಡಿ ತೊಟ್ಟಿಯ ಮುಂದೆ ಬಂತು. ನನ್ನವರು ಅಂದಾಜಿನ ಮೇಲೆ ಕ್ಷೌರ ಮಾಡಿಕೊಂಡು, ಮುಕ್ಕಾಲು ಮೀಸೆಯಲ್ಲಿ ಕೆಲಸಕ್ಕೆ ಹೊರಟರು.

"ಮೀನಿಗೆ ಕನ್ನಡಿ, ಗಂಡನಿಗೆ ಅಂದಾಜು!"

"ನಿಮಗೇನ್ರೀ, ಮದುವೆ ಆಗಿಹೋಗಿದೆ. ಅವನಿಗೆ ಇನ್ನೂ ಆಗ್ಬೇಕು."

ಕೊನೆಗೊಂದು ದಿನ ಅಡ್ಡಗೋಡೆ ತೆಗೆದೆ. ವಧು ಚಪ್ಪಟೆ ಕಲ್ಲಿನ ಮೇಲೆ ಮುತ್ತು ಪೋಣಿಸಿದಂತೆ ಮೊಟ್ಟೆ ಇಟ್ಟಳು. ಮರಿಗಳಿಗಾಗಿ ಕಾದೆ. ಒಂದೂ ಒಡೆಯಲಿಲ್ಲ, ಎಲ್ಲವೂ ಸುಣ್ಣದಂತೆ ಬೆಳ್ಳಗಾದವು. "ನಿಮ್ಮ ಸೀನಿಗೇ ಮೀನು ಹೆದರಿಕೊಂಡಿದ್ದು!" ಎಂದು ತಪ್ಪನ್ನು ನನ್ನವರ ತಲೆಗೆ ಕಟ್ಟಿದೆ. ಪಾಪ, ಅಂದಿನಿಂದ ಅವರು ಬೀದಿಗೆ ಹೋಗಿ ಸೀನತೊಡಗಿದರು.

ಕಚೇರಿಯಲ್ಲೋ, ಜಾಡಿಗಳ ಒಡೆಯರು "ಬಾಣಂತಿ ಹೇಗಿದ್ದಾಳೆ?" ಎಂದು ದಿನವೂ ಕೇಳುವವರೇ. ತಲೆಯೆತ್ತಿ ಓಡಾಡುವುದೇ ಕಷ್ಟವಾಯಿತು. ಇನ್ನೊಂದು ಸಲವಾದರೂ ಮೊಟ್ಟೆ ಫಲಿಸಲೆಂದು ನಾನು ಹಂಬಲಿಸುತ್ತಿರುವಾಗ ಅತ್ತೆ ತೊಟ್ಟಿಯ ಮುಂದೆ ಬಗ್ಗಿ ನೋಡಿದರು.

"ಏನಮ್ಮಾ, ಮದುಮಗನ ಹೊಟ್ಟೆ ಯಾಕೋ ಕೆಳಗಿಳಿದಿದೆ?"

"ಜಾಸ್ತಿ ತಿಂದಿದ್ದಾನೆ, ಅತ್ತೆ."

"ತಿಂದ ಹೊಟ್ಟೆ ಹೀಗಿರಲ್ಲ. ನಾನು ನಾಲ್ಕು ಹೆತ್ತವಳು."

ಮರುದಿನ ಬೆಳಿಗ್ಗೆ ನಮ್ಮ ವರಮಹಾಶಯ ಅದೇ ಕಲ್ಲಿನ ಮೇಲೆ, ಬಹು ಗಾಂಭೀರ್ಯದಿಂದ, ಮೊಟ್ಟೆ ಇಡುತ್ತಿದ್ದ! ಅಲ್ಲ, ಇಡುತ್ತಿದ್ದಳು! ಅಪರೂಪಕ್ಕೆ ಹೆಣ್ಣಿಗೂ ಹಣೆ ಹಾಗೆ ಉಬ್ಬುತ್ತದಂತೆ.

ನನ್ನವರು ನಕ್ಕು ನಕ್ಕು ಕುರ್ಚಿಯಲ್ಲಿ ಕುಸಿದರು.

"ಈಗ್ಲೇ ಹೋಗಿ ಒಂದು ಗಂಡು ತರ್ತೀನಿ" ಎಂದೆ, ಸಣ್ಣ ದನಿಯಲ್ಲಿ. ಜಾಡಿಗಳಿಗೆ ಉತ್ತರ ಕೊಡಬೇಕಲ್ಲ!

"ತರೋಣ. ಆದ್ರೆ ಆರಿಸೋ ಕೆಲಸ ಮಾತ್ರ ನಿನಗೆ ಬೇಡ."

"ಸುಮ್ನಿರೋ," ಅತ್ತೆ ನನ್ನ ಪರ ನಿಂತರು. "ನಿನ್ನನ್ನ ಆರಿಸಿದ್ದೂ ಇವಳೇ ಅಲ್ವೇನೋ?"

ನನ್ನವರು ನಗುತ್ತಲೇ ಕಣ್ಣೊರೆಸಿಕೊಂಡರು. "ಅದಕ್ಕೇ ಕಣಮ್ಮಾ ಹೇಳ್ತಿರೋದು!"