ಗಾಜಿನ ತೊಟ್ಟಿಗೊಬ್ಬ ಸಾಧು ದೊರೆ

ಮನೆಯಲ್ಲಿ ಯಾರೂ ಯಾರನ್ನೂ ಹೆದರಿಸದ ಜಾಗ ಒಂದಾದರೂ ಇರಬೇಕು ಎಂಬುದು ಮರಿಯ ಅಮ್ಮನ ಬಹುದಿನದ ಆಸೆ. ಮನುಷ್ಯರ ನಡುವೆ ಅಂಥ ಜಾಗ ಸಿಗುವ ಲಕ್ಷಣ ಕಾಣದೆ ಅವಳು ಅದನ್ನು ನೀರಿನೊಳಗೆ ಹುಡುಕತೊಡಗಿದಳು.

ಎಲ್ಲಕ್ಕೂ ಕಾರಣ ಮರಿ. ಇನ್ನೂ ನಾಲ್ಕು ತುಂಬದ ಮಗಳು. ಮಿಕ್ಸಿಯ ಸದ್ದಿಗೆ ಬೆಚ್ಚುವಳು, ಬಲೂನಿಗೆ ಬೆಚ್ಚುವಳು, ಬಿಚ್ಚಿದ ಕೊಡೆಗೆ ಬೆಚ್ಚುವಳು, ಕೊನೆಗೆ ತನ್ನದೇ ಸೀನಿಗೂ ಬೆಚ್ಚಿ ಸುತ್ತ ನೋಡುವಳು. ಶಿಶುವಿಹಾರಕ್ಕೆ ಸೇರಿಸಿದಂದಿನಿಂದ ಅಲ್ಲಿ ಬಾಯಿ ಬಿಟ್ಟದ್ದೇ ಇಲ್ಲ. "ತುಂಬಾ ಜಾಣೆ, ಆದ್ರೆ ಮುದುರ್ಕೊಂಡ್ಬಿಡ್ತಾಳೆ. ಮನೇಲಿ ಮಾತಾಡ್ತಾಳಲ್ವಾ?" ಎಂದು ಟೀಚರು ಕೇಳಿದ್ದರು. ಮನೆಯಲ್ಲಿ ಮರಿ ಹೂಂ ಅನ್ನುತ್ತಿದ್ದಳು, ಊಹೂಂ ಅನ್ನುತ್ತಿದ್ದಳು. ಮೂರನೆಯ ಪದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಮ್ಮನೇ ವಾಕ್ಯ ಪೂರ್ತಿ ಮಾಡಿ, ಅದರ ವ್ಯಾಕರಣವನ್ನೂ ಸರಿಪಡಿಸಿ, ಜೊತೆಗೊಂದು ಸ್ವೆಟರನ್ನೂ ಹಾಕಿಬಿಡುತ್ತಿದ್ದಳು.

ಅವಳ ತಪ್ಪಲ್ಲ, ವೃತ್ತಿಯೇ ಹಾಗೆ. ಪಠ್ಯಪುಸ್ತಕಗಳ ಕರಡು ತಿದ್ದುವ ಕೆಲಸ. ಮನೆಯಲ್ಲೇ ಕೂತು ದಿನವಿಡೀ ಹಾಳೆಗಳ ಮೇಲೆ ಬಗ್ಗಿ, ತಪ್ಪು ಹುಡುಕಿ ಹುಡುಕಿ, ಕಣ್ಣು ಹಾಗೇ ನಿಂತುಬಿಟ್ಟಿತ್ತು. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಖಿನಲ್ಲಿ ಒಂದು ಸೊನ್ನೆ ಓರೆಯಾಗಿದ್ದರೂ ಆ ಹಾಲು ಮರಿಗಿಲ್ಲ (ಮರಿಯ ಅಪ್ಪನಿಗೆ ಇದೆ). ಮರಿಯ ಅಪ್ಪ ಲಿಫ್ಟ್ ರಿಪೇರಿಯವನು. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರ ಕೂಗಾಟ ಕೇಳಿ ಕೇಳಿ ಅವನಲ್ಲಿ ಗಾಬರಿಪಡುವ ಯಂತ್ರವೇ ಕೆಟ್ಟುಹೋಗಿತ್ತು. ಹೆಂಡತಿಯನ್ನು 'ಇನ್‌ಸ್ಪೆಕ್ಟ್ರೇ' ಎಂದು ಕರೆಯುತ್ತಿದ್ದ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರು. ಆದರೆ ಇಬ್ಬರು ಮಾತಾಡುತ್ತಿದ್ದರೆ ನಡುವೆ ಬಂದು ಲೈನು ಜೋಡಿಸುವ ಅವರ ಅಭ್ಯಾಸ ಇನ್ನೂ ನಿವೃತ್ತಿಯಾಗಿರಲಿಲ್ಲ.

ಅಂತೂ ನಡುಮನೆಗೆ ಗಾಜಿನ ತೊಟ್ಟಿ ಬಂತು. ಕಿಟಕಿಯ ಪರದೆ ಎಳೆದು ತೊಟ್ಟಿಯ ದೀಪ ಹಾಕಿದರೆ ಗೋಡೆಗಳೆಲ್ಲ ನಿಧಾನವಾಗಿ ಅಲುಗಾಡುತ್ತಿದ್ದವು. ನೀಲಿ ಗೆರೆಯ ಪುಟಾಣಿ ನಿಯಾನ್ ಮೀನುಗಳು ಗುಂಪಾಗಿ ಒಂದು ಕಡೆಗೆ ಹೋಗುತ್ತಿದ್ದವು, ಏನೋ ಮರೆತಂತೆ ಒಟ್ಟಿಗೇ ತಿರುಗಿ ಬರುತ್ತಿದ್ದವು. ತಳದಲ್ಲಿ ಮೀಸೆಯ ಮೀನುಗಳು ಕಳೆದುಹೋದ ಗುಂಡಿ ಹುಡುಕುವವರಂತೆ ಮರಳು ಕೆದಕುತ್ತಿದ್ದವು. ಜಗಳವಿಲ್ಲ, ಕಚ್ಚಾಟವಿಲ್ಲ. ಅತ್ತೆ ಮಾತ್ರ ತಲೆಯಾಡಿಸಿದರು.

"ಚೆನ್ನಾಗಿದೆಯಮ್ಮ. ಆದ್ರೆ ಕಣ್ಣು ಎಲ್ಲಿ ನಿಲ್ಲಿಸ್ಬೇಕು ಅಂತಾನೇ ಗೊತ್ತಾಗಲ್ಲ. ಎಲ್ಲಾ ಸಿಪಾಯಿಗಳೇ ಆದ್ರು. ದೊರೆ ಎಲ್ಲಿ?"

ಹೌದಲ್ಲ, ಅನ್ನಿಸಿತು ಅವಳಿಗೆ. ನಡುವೆ ಒಂದು ದೊಡ್ಡ ಮೀನು ಬೇಕು. ದೊಡ್ಡದಾಗಿರಬೇಕು, ದೊಡ್ಡಸ್ತಿಕೆ ಇರಬಾರದು. ಚೆಲುವಿರಬೇಕು, ಜಂಭ ಕೂಡದು. ಅಷ್ಟು ದೊಡ್ಡ ಮೀನು ಅಷ್ಟು ಚಿಕ್ಕವರ ನಡುವೆ ಮೆಲ್ಲಗೆ ಓಡಾಡುವುದನ್ನು ಕಂಡರೆ, ದೊಡ್ಡದೆಲ್ಲ ಹೆದರಿಸಲಿಕ್ಕೇ ಇರುವುದಲ್ಲ ಎಂದು ಮರಿಗೂ ತಿಳಿದೀತು. ಆಗ ಅವಳು ಬಾಯಿ ಬಿಟ್ಟಾಳು. ಒಂದೇ ಒಂದು ಉದ್ದನೆಯ ಮಾತು ಆಡಿಯಾಳು. ಅದನ್ನು ಕೇಳಲಿಕ್ಕಾಗಿ ಅಮ್ಮ ಸಮುದ್ರವನ್ನೇ ಕೊಳ್ಳಲೂ ತಯಾರಿದ್ದಳು.

ಗಂಡನನ್ನು ಕರೆದುಕೊಂಡು ಅವಳು ಬಣ್ಣದ ಮೀನಿನ ಅಂಗಡಿಗೆ ಹೋದಳು. ಅಂಗಡಿಯವನ ಲೋಕದಲ್ಲಿ ಕೆಟ್ಟ ಮೀನು ಎಂಬುದೇ ಇರಲಿಲ್ಲ.

"ಇದು ಹೇಗೆ?"

"ಸಾಧು ಪ್ರಾಣಿ ಮೇಡಂ."

"ಬಾಯಲ್ಲೇನೋ ಇದೆಯಲ್ಲ?"

ಅವನು ಬಗ್ಗಿ ನೋಡಿದ. "ಅದಾ... ಜೊತೇಲಿದ್ದವನ ಬಾಲ. ಆಟ ಆಡ್ತಾ ಬಂದಿರತ್ತೆ. ಬೇಡ ಅಂದ್ರೆ ಏಂಜೆಲ್ ತಗೊಳ್ಳಿ. ನೋಡಿ ಎಂಥ ರೆಕ್ಕೆ."

"ಇದು ಚಿಕ್ಕ ಮೀನು ತಿನ್ನಲ್ವಾ?"

"ಛೆ ಛೆ. ಬಾಯಿಗೆ ಹಿಡಿಸೋದನ್ನ ಮಾತ್ರ."

ಇವನ ಮಾತು ನಂಬುವುದುಂಟೇ? ಅವಳು ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದಳು. ಮುಂಗೋಪದ ಮೀನು ತನ್ನ ಬಿಂಬವನ್ನೇ ವೈರಿಯೆಂದು ತಿಳಿದು ಮೇಲೆ ಬೀಳುತ್ತದೆ ಎಂದು ಎಲ್ಲೋ ಓದಿದ್ದಳು. ಒಂದೊಂದೇ ತೊಟ್ಟಿಗೆ ಕನ್ನಡಿ ಹಿಡಿಯುತ್ತ ಸಂದರ್ಶನ ಶುರುಮಾಡಿದಳು. ಫೈಟರ್ ಮೀನು ಕಿವಿರು ಕೆರಳಿಸಿ ನಿಂತಿತು: ಅನುತ್ತೀರ್ಣ. ಕಿತ್ತಳೆ ಬಣ್ಣದ ದಡೂತಿಯೊಂದು ಧಡ್ಡನೆ ಗಾಜಿಗೆ ಗುದ್ದಿತು: ಅನುತ್ತೀರ್ಣ. ಏಂಜೆಲ್ ಕನ್ನಡಿಯನ್ನು ಬಿಟ್ಟು ಅವಳ ಬೆರಳನ್ನೇ ದಿಟ್ಟಿಸಿತು: ಗೈರುಹಾಜರಿ.

"ಮೀನಿಗೆ ಕನ್ನಡಿ ತೋರಿಸ್ತಾ ಇದೀಯಲ್ಲ," ಅಂದ ಗಂಡ, ಗೋಡೆಗೆ ಒರಗಿ ಅರೆನಿದ್ದೆಯಲ್ಲಿ. "ನನ್ನ ಒಪ್ಕೊಳ್ಳೋವಾಗ ಈ ಪರೀಕ್ಷೆ ಇರ್ಲಿಲ್ಲ."

"ಇದ್ದಿದ್ರೆ ನೀವು ಇಲ್ಲಿ ನಿಂತಿರ್ತಿದ್ರಾ?"

ಕೊನೆಯ ತೊಟ್ಟಿಯಲ್ಲಿತ್ತು ಮುತ್ತಿನ ಗೌರಾಮಿ ಎಂಬ ಮೀನು. ತಿಳಿಕಂದು ಮೈತುಂಬ ಯಾರೋ ಮುತ್ತಿನ ಪುಡಿ ಚೆಲ್ಲಿದ್ದರು. ಎದೆಗೆ ಸಂಜೆಯ ಬಣ್ಣ ಬಳಿದಿದ್ದರು. ಕನ್ನಡಿ ಹಿಡಿದಾಗ ಅದು ಎದೆಯ ಕೆಳಗಿಂದ ದಾರದಂಥ ಎರಡು ಎಳೆಗಳನ್ನು ಮುಂದೆ ಚಾಚಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೇಳುವಂತೆ ಗಾಜನ್ನು ಮೆಲ್ಲಗೆ ಮುಟ್ಟಿತು. ಮತ್ತೆ ಪಕ್ಕಕ್ಕೆ ಸರಿದು ತನ್ನ ಬಿಂಬಕ್ಕೆ ದಾರಿ ಬಿಟ್ಟುಕೊಟ್ಟಿತು.

ಅವಳ ಕಣ್ಣಲ್ಲಿ ನೀರೇ ಬಂತು. "ಇದೇ," ಅಂದಳು.

"ನಾನು ಮೊದ್ಲೇ ಹೇಳ್ಲಿಲ್ವಾ, ಸಾಧು ಪ್ರಾಣಿ," ಅಂದ ಅಂಗಡಿಯವನು. "ಹೊಂದಿಕೊಳ್ಳಲಿಲ್ಲ ಅಂದ್ರೆ ಬರೋ ಭಾನುವಾರ ತಂದ್ಬಿಡಿ, ಬೇರೆ ಕೊಡ್ತೀನಿ."

ದೊರೆ ಚಿತ್ತೈಸಿದರು. ಅವರನ್ನು ತಂದ ಪ್ಲಾಸ್ಟಿಕ್ ಚೀಲವನ್ನು ತೊಟ್ಟಿಯ ನೀರಿನ ಮೇಲೆ ತೇಲಿಬಿಟ್ಟು, ನೀರಿಗೆ ನೀರು ಹೊಂದಿಕೊಂಡ ಮೇಲೆ ಚೀಲದ ಬಾಯಿ ಬಿಚ್ಚಿದ್ದಾಯಿತು. ದೊರೆ ಹೊರಬಂದರು, ಸುತ್ತ ಒಮ್ಮೆ ನೋಡಿದರು, ಗಾಜಿಗೆ ಒತ್ತಿಕೊಂಡಿದ್ದ ಅಮ್ಮನ ಮೂಗನ್ನು ನೋಡಿದರು, ಸೀದಾ ಮೂಲೆಯ ಮರದ ಬೇರಿನ ಹಿಂದೆ ಹೋಗಿ ಸೇರಿಕೊಂಡರು.

"ದಾರಿ ಆಯಾಸ ಇರತ್ತೆ," ಅಂದರು ಅತ್ತೆ.

ಮಾರನೆಯ ದಿನವೂ ಆಯಾಸ ಪರಿಹಾರವಾಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವಳು ತನ್ನ ಮೇಜನ್ನೇ ತೊಟ್ಟಿಯ ಎದುರಿಗೆ ಎಳೆದುಕೊಂಡಳು. ಒಂದು ಸಾಲು ತಿದ್ದುವುದು, ತಲೆಯೆತ್ತಿ ನೋಡುವುದು. ಬೇರಿನ ಹಿಂದೆ ಟಾರ್ಚ್ ಬಿಟ್ಟು ನೋಡಿದಳು. ಅಕ್ಷರ ಓದುವ ಭೂತಗನ್ನಡಿಯನ್ನು ತಂದು, ಬೇರಿನ ಸಂದಿನಲ್ಲಿ ಕಂಡ ರೆಕ್ಕೆಯ ಅಂಚನ್ನು ಪರೀಕ್ಷಿಸಿದಳು. "ಬಣ್ಣ ಇಳಿದಿದೆ ರೀ. ಉಸಿರಾಟ ಜೋರಾಗಿದೆ. ಊಟ ಮಾಡಿಲ್ಲ," ಎಂದು ಸಂಜೆ ವರದಿ ಒಪ್ಪಿಸಿದಳು. ಮರಿ ಪಕ್ಕದಲ್ಲಿ ಕೂತು ಒಮ್ಮೆ ಬೇರನ್ನೂ ಒಮ್ಮೆ ಅಮ್ಮನನ್ನೂ ನೋಡುತ್ತಿದ್ದಳು.

"ಹೆದರ್ಬೇಡ ಮರಿ, ದೊರೆಗೆ ಏನೂ ಆಗಿಲ್ಲ. ಆಗಿದೆ ಅಂತ ಅನ್ಸತ್ತಾ ನಿಂಗೆ?"

"ಊಹೂಂ."

"ಊಹೂಂ ಅಲ್ಲ ಪುಟ್ಟ, 'ಏನೂ ಆಗಿಲ್ಲಮ್ಮ' ಅಂತ ಪೂರ್ತಿ ಹೇಳ್ಬೇಕು."

ಮರಿ ತುಟಿ ಒಳಗೆಳೆದುಕೊಂಡಳು.

ಒಂದು ಮಧ್ಯಾಹ್ನ, ತೊಟ್ಟಿಯ ಪಂಪಿನ ಗುಳುಗುಳು ಸದ್ದಿಗೆ ಹಾಳೆಗಳ ಮೇಲೆಯೇ ಅವಳಿಗೆ ಜೊಂಪು ಹತ್ತಿತು. ಸಾಲುಗಳಿಂದ ಅಕ್ಷರಗಳು ಕಳಚಿ ನಿಯಾನ್ ಮೀನುಗಳಂತೆ ಗುಂಪಾಗಿ ಈಜಿ ಹೋಗುತ್ತಿದ್ದವು. ಅವಳು ಕೆಂಪು ಪೆನ್ನು ಹಿಡಿದು ಅವುಗಳ ಹಿಂದೆ ತೇಲುತ್ತಿದ್ದಳು. ತೋಳು ಬೀಸಿದಷ್ಟೂ ಅವು ಚೆದುರುತ್ತಿದ್ದವು. ಬೇರಿನ ಹಿಂದಿನಿಂದ ದೊರೆ ಇಣುಕಿ ಅಂಗಡಿಯವನನ್ನು ಕೇಳಿದರು: "ಇವರು ಹೇಗೆ?" ಅಂಗಡಿಯವನು ಅಂದ: "ಸಾಧು ಪ್ರಾಣಿ. ಬಾಯಿಗೆ ಹಿಡಿಸೋದನ್ನ ಮಾತ್ರ." ಅವಳು ಬೆಚ್ಚಿ ಎದ್ದಳು. ಕೆನ್ನೆಯ ಮೇಲೆ ಮೂರನೇ ತರಗತಿಯ ಪರಿಸರ ಪಾಠ ಅಚ್ಚಾಗಿತ್ತು.

ಭಾನುವಾರ ಬೆಳಿಗ್ಗೆ ಅವಳು ತೀರ್ಪು ಕೊಟ್ಟಳು. "ವಾಪಸ್ ಕೊಟ್ಟು ಬರೋಣ. ದೊರೇನೇ ಹೀಗೆ ಮೂಲೆ ಸೇರಿದ್ರೆ ಮರಿ ಏನು ಕಲೀತಾಳೆ? ಇನ್ನೂ ಮುದುರ್ಕೋತಾಳೆ ಅಷ್ಟೆ."

ಗಂಡ ಅತ್ತೆಯ ಮುಖ ನೋಡಿದ. ಅತ್ತೆ ಸೂರು ನೋಡಿದರು.

"ಇರ್ಲಿ ಬಿಡೇ," ಅಂದ ಗಂಡ. "ಚೆನ್ನಾಗೇ ಇದೆಯಲ್ಲ."

"ಎಲ್ಲಿ ಚೆನ್ನಾಗಿದೆ? ನೀವು ಯಾವಾಗ ನೋಡಿದ್ರಿ?"

"ನೋಡೋದೇನು... ಒಂದು ಅಂದಾಜು."

"ಚೂರು ಲೈನಲ್ಲಿರಮ್ಮ," ಎಂದು ಅತ್ತೆ ನಡುವೆ ಬಂದರು. "ಇನ್ನೊಂದು ವಾರ ನೋಡಿದ್ರೆ ಏನು ಗಂಟು ಹೋಗತ್ತೆ?"

"ವಾರದಲ್ಲಿ ಸತ್ತೇ ಹೋದ್ರೆ ಮರೀಗೆ ಏನಂತ ಹೇಳ್ತೀರಿ ಅತ್ತೆ?"

ಮರಿ ತಂದೆಯ ಪ್ಯಾಂಟನ್ನು ಬಿಗಿಯಾಗಿ ಹಿಡಿದುಕೊಂಡಳು. ಅದನ್ನು ಅಮ್ಮ ಚಳಿ ಎಂದುಕೊಂಡು ಸ್ವೆಟರು ಹಾಕಿದಳು.

ಮೀನು ಒಯ್ಯಲು ಮುಚ್ಚಳವಿರುವ ಬಕೆಟ್ಟು ಬೇಕು. ಕೆಳಗಿನ ಮನೆಯ ಟೈಲರಮ್ಮನ ಬಳಿ ಇದೆ. ಅವಳು ಮೆಟ್ಟಿಲಿಳಿದು ಹೋದಳು. ಟೈಲರಮ್ಮ ಅದರಲ್ಲಿ ನೆನೆಹಾಕಿದ್ದ ಬಟ್ಟೆ ಹಿಂಡಿ, ತೊಳೆದು ಕೊಡಲು ಸ್ವಲ್ಪ ಹೊತ್ತೇ ಹಿಡಿಯಿತು. ತಿರುಗಿ ಬಂದಾಗ ಬಾಗಿಲು ಓರೆಯಾಗಿತ್ತು. ಒಳಗೆ ಯಾರೋ ಮಾತಾಡುತ್ತಿದ್ದರು. ನೆಂಟರ ಮಗುವಿರಬೇಕು ಎಂದುಕೊಂಡಳು. ಅಷ್ಟು ಗಟ್ಟಿ ದನಿ, ಅಷ್ಟು ಸರಾಗ. ಚಪ್ಪಲಿ ಬಿಟ್ಟು ಪರದೆಯ ಸಂದಿನಿಂದ ನೋಡಿದಳು.

ಮರಿ ಕುರ್ಚಿಯ ಮೇಲೆ ನಿಂತಿದ್ದಳು. ಸ್ವೆಟರು ನೆಲದ ಮೇಲಿತ್ತು. ಅಪ್ಪ ಚಾಪೆಯ ಮೇಲೆ ಅಂಗಾತ ಮಲಗಿದ್ದ, ಅತ್ತೆ ಮೀನಿನ ತಿಂಡಿಯ ಡಬ್ಬಿ ಹಿಡಿದಿದ್ದರು.

"ಬಾ ದೊರೆ, ಬಾ ಬಾ. ಅಮ್ಮ ಕೆಳಗೆ ಹೋಗಿದಾಳೆ. ದಿನಾ ಅವ್ಳು ಸ್ನಾನಕ್ಕೆ ಹೋದಾಗ ಬರ್ತೀಯಲ್ಲ, ಹಂಗೇ ಬಾ. ಹೆದ್ರಬೇಡ. ನಮ್ಮಮ್ಮ ಒಳ್ಳೇವ್ಳು, ಕಚ್ಚಲ್ಲ. ಬರೀ ನೋಡ್ತಾಳೆ. ನೀನು ಹೋಗ್ಬೇಡ, ನಿನ್ನ ಅಂಗಡಿಗೆ ಕೊಟ್ರೆ ನಾನು ಊಟಾನೇ ಮಾಡಲ್ಲ, ಅಪ್ಪನೂ ಮಾಡಲ್ಲ, ಅಜ್ಜೀನೂ ಮಾಡಲ್ಲ..."

"ನನ್ನ ಸೇರಿಸ್ಬೇಡ್ವೇ," ಅಂದರು ಅತ್ತೆ.

ಬೇರಿನ ಹಿಂದಿನಿಂದ ದೊರೆ ಹೊರಟರು. ಮೊದಲು ಎರಡು ಎಳೆಗಳು, ಆಮೇಲೆ ಸಂಜೆಬಣ್ಣದ ಎದೆ, ಆಮೇಲೆ ಮುತ್ತುಗಳು, ಒಂದೊಂದೂ ಉರಿಯುತ್ತ. ಮುದುರಿದ್ದ ರೆಕ್ಕೆಗಳು ಬಿಚ್ಚಿಕೊಂಡವು. ನಿಯಾನ್ ಗುಂಪು ಎರಡಾಗಿ ದಾರಿ ಕೊಟ್ಟು ಹಿಂದೆ ಕೂಡಿಕೊಂಡಿತು. ಇಡೀ ಕೋಣೆ ದೊರೆಯ ಹಿಂದೆ ಮೆಲ್ಲಗೆ ತಿರುಗುತ್ತಿರುವಂತೆ ಕಂಡಿತು. ಮರಿ ಕೇಕೆ ಹಾಕಿ ನಕ್ಕಳು, ಮತ್ತೆ ಮಾತು, ಮತ್ತೆ ನಗು. ಒಂದು ವಾಕ್ಯದ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಅದರ ತುಂಬ ತಪ್ಪುಗಳಿದ್ದವು. ಅಮ್ಮನ ಬೆರಳುಗಳು ಗಾಳಿಯಲ್ಲಿ ಪೆನ್ನು ಹುಡುಕಿದವು, ಆಮೇಲೆ ಸುಮ್ಮನಾದವು.

ಹಿಡಿಕೆ ಕೈಜಾರಿ ಬಕೆಟ್ಟು ಟಣ್ ಎಂದಿತು.

ದೊರೆ ಮಾಯ. ಮರಿಯ ಬಾಯಿ ಮುಚ್ಚಿತು. ಅಪ್ಪ ಎದ್ದು ಕೂತ. ಅತ್ತೆ ಡಬ್ಬಿಯನ್ನು ಬೆನ್ನ ಹಿಂದೆ ಅಡಗಿಸಿದರು. ನಾಲ್ಕು ಜೀವಗಳೂ, ಒಂದು ಬೇರಿನ ಹಿಂದಿನಿಂದ, ಪರದೆಯ ಕಡೆಗೇ ನೋಡುತ್ತಿದ್ದವು.

"ನಾನಿನ್ನೂ ಬಂದಿಲ್ಲ," ಅಂದಳು ಅವಳು ಪರದೆಯ ಆಚೆಯಿಂದಲೇ. "ಬಕೆಟ್ ವಾಪಸ್ ಕೊಟ್ಟು ಬರ್ತೀನಿ."

ಬಾಗಿಲನ್ನು ಓರೆ ಮಾಡಿ, ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಒಳಗೆ ಮೊದಲು ಪಂಪಿನ ಸದ್ದು. ಆಮೇಲೆ ಒಂದು ಪಿಸುಮಾತು. ಆಮೇಲೆ, ಮೆಲ್ಲಮೆಲ್ಲಗೆ, ಆ ಗಟ್ಟಿ ದನಿ. ಅವಳು ಕಣ್ಣು ಮುಚ್ಚಿ ಗೋಡೆಗೆ ತಲೆಯೊರಗಿಸಿದಳು.

ಟೈಲರಮ್ಮ ಕೆಳಗಿನಿಂದ ಕತ್ತೆತ್ತಿ ನೋಡಿದರು. "ಯಾಕಮ್ಮ, ಹೊರಗ್ ಕೂತಿದೀರ? ಏನಾಯ್ತು?"

"ಮೀನು ನೋಡ್ತಿದೀನಿ."

ಟೈಲರಮ್ಮ ಮೆಟ್ಟಿಲು ಹತ್ತಿ ಬಂದು ಬಕೆಟ್ಟಿನೊಳಗೆ ಬಗ್ಗಿ ನೋಡಿದರು. ತಮ್ಮದೇ ಖಾಲಿ ಬಕೆಟ್ಟು. ಅವಳ ಮುಖ ನೋಡಿದರು. ಮತ್ತೆ ಬಕೆಟ್ಟು ನೋಡಿದರು.

"ಎಲ್ಲಮ್ಮ ಮೀನು?"

ಅವಳು ತುಟಿಯ ಮೇಲೆ ಬೆರಳಿಟ್ಟಳು. "ಸ್ವಲ್ಪ ಮೆಲ್ಲಗೆ ಮಾತಾಡಿ," ಅಂದಳು, "ಹೆದರ್ಕೊಂಡ್ಬಿಡತ್ತೆ."