ಪಕ್ಕದ ಮನೆಯ ವಿಚಾರಣೆ

ಪರರ ಕಷ್ಟಕ್ಕೆ ಮರುಗುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಪಕ್ಕದ ಮನೆಯವನ ಸುಖ ಕಂಡು ಸುಮ್ಮನಿರುವವರು ಅಪರೂಪ. ನಾನಂತೂ ಆ ಅಪರೂಪದವರ ಪೈಕಿಯವನಲ್ಲ. ಕೊಳ್ಳೇಗಾಲದ ಒಂದು ಸರ್ಕಾರಿ ಕಚೇರಿಯಲ್ಲಿ ನಾನೂ ಸಿದ್ದಪ್ಪನೂ ಗುಮಾಸ್ತರು. ಒಂದೇ ಸಂಬಳ, ಗೋಡೆಗೆ ಗೋಡೆ ಅಂಟಿದ ಮನೆ. ಆದರೆ ತಿಂಗಳ ಕೊನೆಗೆ ನಮ್ಮ ಒಲೆಯ ಮೇಲೆ ಹುರುಳಿ ಸಾರು ಕುದಿಯುವಾಗ ಅವನ ಮನೆಯಿಂದ ತುಪ್ಪದ ಒಗ್ಗರಣೆ ಘಮಘಮಿಸುತ್ತಿತ್ತು. ಆಮೇಲೆ ರೇಡಿಯೋ ಬಂತು. ಅವನ ಹೆಂಡತಿ ಚೌಡಮ್ಮ ನೇಕಾರರ ಮನೆಯ ಹೆಣ್ಣು. ಬಾವಿಗೆ ಬಂದರೂ ಮೈಮೇಲೆ ರೇಷ್ಮೆ. ಅವತ್ತೆಲ್ಲ ನನ್ನ ಹೆಂಡತಿ ಬಡಿಸುವಾಗ ಸೌಟು ತಟ್ಟೆಗೆ ಬಡಿಯುವ ಸದ್ದೇ ಬೇರೆ.

ಅಷ್ಟರಲ್ಲಿ ಸಿದ್ದಪ್ಪನ ಮೇಲೆ ಯಾರೋ ಮೂಗರ್ಜಿ ಹಾಕಿದರು: ಸಂಬಳಕ್ಕೆ ಮೀರಿದ ಬದುಕು, ಲಂಚವಲ್ಲದೆ ಮತ್ತೇನು ಎಂದು. ಬರೆದವನು ನಾನಲ್ಲ. ಆಸೆ ಇರಲಿಲ್ಲ ಎನ್ನಲಾರೆ, ಆದರೆ ನನ್ನ ಕೋಳಿಕಾಲಿನ ಅಕ್ಷರ ಇಡೀ ಕಚೇರಿಗೆ ಗೊತ್ತು. ಮೈಸೂರಿನಿಂದ ವಿಜಿಲೆನ್ಸ್ ಅಧಿಕಾರಿ ಬಂದು ಪ್ರವಾಸಿ ಮಂದಿರದಲ್ಲಿ ಇಳಿದರು.

ಇನ್ನಾದರೂ ಸಿದ್ದಪ್ಪನ ಬೆಲೆ ಇಳಿಯುತ್ತದೆ ಎಂದುಕೊಂಡೆ. ಅದು ಏರಿತು! ಹನೂರು ಬಸ್ಸಿನ ಕಂಡಕ್ಟರು ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸತೊಡಗಿದ. ಜವಾನ ಮಾದನಂತೂ ಕಣ್ಣರಳಿಸಿ, "ಅವ್ರ್ನ ವಿಚಾರ್ಸಕೆ ಜೀಪ್ನಲ್ಲಿ ಬಂದವ್ರೆ ಕಣ್ಸಾ! ನಮ್ನಿಮ್ಮನ್ನ ಕೇಳಕೆ ಸೈಕಲ್ನಲ್ಲಾದ್ರೂ ಯಾರ್ ಬಂದಾರು?" ಎಂದ. ನನ್ನ ಹೆಂಡತಿ ನಿಟ್ಟುಸಿರಿಟ್ಟಳು: "ನಿಮ್ಮ ಮೇಲೆ ಒಂದು ಮೂಗರ್ಜಿ ಬರೆಯೋಕೂ ಈ ಊರಲ್ಲಿ ಯಾರಿಗೂ ಮನಸ್ಸು ಬರಲಿಲ್ಲವಲ್ಲ!"

ಸಿದ್ದಪ್ಪ ಮಾತ್ರ ಊಟ ಬಿಟ್ಟಿದ್ದ. ಆರೋಪ ನಿಂತರೆ ಕೆಲಸವೇ ಹೋಗುತ್ತಿತ್ತು. ನೆರೆಯವನೆಂದು ನನ್ನನ್ನೂ ಸಾಕ್ಷಿಗೆ ಕರೆದರು. ಅಧಿಕಾರಿ ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು:

"ಹೆಂಡತಿ ಮಗ್ಗದಲ್ಲಿ ಸೀರೆ ನೇಯ್ತಾಳೆ, ಇಲಾಖೆಗೆ ತಿಳಿಸಿದ್ದೀನಿ ಅಂತಾನೆ. ತಿಳಿಸಿರೋದು ನಿಜ. ಆದರೆ ಆ ಮಗ್ಗ ನಡೆಯೋದು ಮನೆಯಲ್ಲೋ, ಬರೀ ಕಾಗದದಲ್ಲೋ?"

ವರ್ಷಗಟ್ಟಲೆ ಅದುಮಿಟ್ಟಿದ್ದು ಒಮ್ಮೆಲೇ ಹೊರಬಂತು. "ಕಾಗದದಲ್ಲಾ ಸ್ವಾಮಿ? ಕೋಳಿ ಕೂಗೋ ಮೊದಲೇ ಲಟಕ್ ಪಟಕ್ ಶುರು! ನಮ್ಮ ಗೋಡೆಯೇ ಅದುರುತ್ತೆ. ಭಾನುವಾರ ಮಧ್ಯಾಹ್ನ ಕಣ್ಣು ಮುಚ್ಚೋ ಹಾಗಿಲ್ಲ. ಆಕೆಗೆ ಜ್ವರ ಬಂದಾಗಲೂ ನಿಲ್ಲಲಿಲ್ಲ, ಆಕೆಯ ಅತ್ತೆ ಬಂದು ಮಗ್ಗಕ್ಕೆ ಕೂತರು! ಇಷ್ಟು ದುಡಿಯೋರು ಪಕ್ಕದಲ್ಲಿದ್ದರೆ ಮನುಷ್ಯ ಬದುಕೋದು ಹೇಗೆ?"

ಅಧಿಕಾರಿ ನಗುತ್ತ ಪೆನ್ನು ಮುಚ್ಚಿದರು. "ಸ್ನೇಹಿತರು ಹೇಳಿದ್ದರೆ ನಂಬುತ್ತಿರಲಿಲ್ಲ. ನಿಮ್ಮ ಹೊಟ್ಟೆಯುರಿ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ."

ಆದರೂ ನಾನು ಏಳಲಿಲ್ಲ. "ನನ್ನ ಬದುಕಿನ ಬಗ್ಗೆ ಏನೂ ಕೇಳುವುದಿಲ್ಲವೇ?" ಎಂದೆ. ಅವರು ನನ್ನ ಕಾಲರಿನಿಂದ ಚಪ್ಪಲಿಯವರೆಗೆ ಒಮ್ಮೆ ಕಣ್ಣಾಡಿಸಿ, "ಬೇಡ, ಹೋಗಿ ಬನ್ನಿ" ಎಂದರು.

ಹೊರಗೆ ಕಾಯುತ್ತಿದ್ದ ಸಿದ್ದಪ್ಪ ವಿಷಯ ತಿಳಿದು ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟ. "ನೀನಿಲ್ದಿದ್ರೆ ನನ್ ಸಂಸಾರ ಬೀದಿಗ್ ಬರ್ತಿತ್ತು ಕಣಯ್ಯಾ!" ನನ್ನ ಕಣ್ಣೂ ಒದ್ದೆಯಾಯಿತು, ಆ ಗಳಿಗೆಯಲ್ಲಿ ನಿಜವಾಗಿಯೂ ಸಂತೋಷವಾಗಿತ್ತು. ಹೊಟ್ಟೆ ಮತ್ತೆ ಉರಿಯತೊಡಗಿದ್ದು ಮನೆಯ ದಾರಿಯಲ್ಲಿ. ಅವನ ಪ್ರಾಮಾಣಿಕತೆಗೆ ಈಗ ಸರ್ಕಾರದ ಮೊಹರು ಬಿತ್ತು. ನನ್ನದು ಇವತ್ತಿಗೂ ನಾನು ಹೇಳಿಕೊಂಡರಷ್ಟೇ ಉಂಟು.