ಹೆಂಡತಿ ಬರಬೇಕಂದ್ರ ಬರ್ಚಿ ಬೇಕು

ಕಂಬಾರರ ಮನಿ ಸೊಸಿಗೆ ನಗಾಕ ಎಲ್ಲೂ ಹೋಗಬೇಕಾಗಿದ್ದಿಲ್ಲ. ಕುಲುಮಿ ಮುಂದ ತಿದಿ ಒತ್ತಕೋತ ಕುಂತ್ರ ಸಾಕು, ನಗುವ ಒಂದು ಮೊಂಡ ಕುಡಗೋಲ ಹಿಡಕೊಂಡು ನಮ್ಮ ಬಾಗಲಕ್ಕ ಬರತಿತ್ತು. ಗೋಕಾಕದ ಅಗಸಿ ಬಾಗಲ ಹೊರಗ ನಮ್ಮ ಕುಲುಮಿ. ಮೂಡಲಗಿ, ಮಸಗುಪ್ಪಿ ಕಡಿಂದ ರೈತರು ಬರತಿದ್ರು, ಕುರಿ ಕಾಯೋರು ಬರತಿದ್ರು. ನಮ್ಮ ಮನಿಯವರು ಕಬ್ಬಿಣಕ್ಕ ಹತ್ತು ಪೆಟ್ಟು ಹಾಕಿದ್ರ ಮನಷ್ಯಾರ ಜೋಡಿ ಒಂದು ಮಾತು ಆಡತಿದ್ರು. ಉಳದ ಒಂಬತ್ತೂ ನಾನ ಆಡತಿದ್ದೆ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬೇಕು. ಕಾಲುವಿ ಸಲುವಾಗಿ ಗುಡ್ಡದ ಬುಡಕ್ಕ ಜಮೀನ ಅಳಿಯೋ ಕೆಲಸ ನಡದಿತ್ತು. ಅಳತಿ ಮಂದಿ ಅಲ್ಲೇ ಡೇರೆ ಹೊಡಕೊಂಡು ಇರತಿದ್ರು. ಅವರೊಳಗ ಒಬ್ಬರು ಓವರಸೀರ ಸಾಹೇಬ್ರು. ಧಾರವಾಡ ಕಡಿಯವರು, ಎಳೀ ವಯಸ್ಸು, ಲಗ್ನ ಆಗಿ ನಾಕು ತಿಂಗಳು. ಆ ಮಳಿಗಾಲ ಪೂರ್ತಿ ನಾವು ನಕ್ಕಿದ್ದು ಅವರ ಪುಣ್ಯದಿಂದ.

೧. ಕಾಗದದ ಮ್ಯಾಲಿನ ಚೂರಿ

ಒಂದಿನ ಸಾಹೇಬ್ರು ಸೈಕಲ್ ಮ್ಯಾಲ ಬಂದು, ಕಿಸೆದಾಗಿಂದ ಒಂದು ಕಾಗದ ತಗದು ಅಡಿಗಲ್ಲಿನ ಮ್ಯಾಲ ಹಾಸಿದ್ರು.

"ಕಾಕಾ, ಇಂಥಾದೊಂದು ಆಯುಧ ಬೇಕ್ರಿ. ಅಡವಿಯೊಳಗ ಇರೋರಿಗೆ ಎಲ್ಲಾ ಕೆಲಸಕ್ಕೂ ಆಗಬೇಕು."

ನಮ್ಮವರು ಕಾಗದ ಹಿಂಗ ತಿರುವಿ ನೋಡಿದ್ರು, ಹಂಗ ತಿರುವಿ ನೋಡಿದ್ರು. ನಮಗಿಬ್ಬರಿಗೂ ಅಕ್ಷರ ಬರೂದಿಲ್ಲ ಖರೆ, ಚಿತ್ರ ತಿಳೀತೈತಿ. ಒಂದು ಚೂರಿ. ಅದರ ಬೆನ್ನಿಗೆ ಗರಗಸದ ಹಲ್ಲು. ತುದಿಗೆ ಕೊಂಡಿ. ಹಿಡಿಕಿಯೊಳಗ ಟೊಳ್ಳು, ಅದರಾಗ ಸೂಜಿ, ದಾರ, ಕಡ್ಡಿಪೆಟ್ಟಿಗಿ ಇಡಾಕ ಜಾಗಾ. ಬಾಜೂಕ ಡಬ್ಬಿ ಮುಚ್ಚಳ ತಗಿಯಾಕ ಒಂದು ಮೂಗು.

ನನಗ ಸುಮ್ಮನಿರಾಕ ಆಗಲಿಲ್ಲ. "ಸಾಹೇಬ್ರ, ಇದಕ್ಕೊಂದು ಒಲಿ ಹಚ್ಚಿಬಿಡ್ರಿ. ಆಮ್ಯಾಲ ಹೆಂಡತಿನೂ ಬೇಕಾಗೂದಿಲ್ಲ ನಿಮಗ!"

ಸಾಹೇಬ್ರ ಮಾರಿ ಕಾದ ಕಬ್ಬಿಣ ಆತು. ತಡದು ತಡದು ಖರೆ ಸಂಗತಿ ಹೇಳಿದ್ರು. ಹುಕ್ಕೇರಿಯೊಳಗ ಅವರ ಮಾವ ಇದ್ದಾರ. ಮಗಳನ್ನ ಇನ್ನೂ ಕಳಿಸಿಲ್ಲ. "ಡೇರೆಗೆ ಬಾಗಲ ಇಲ್ಲ, ಅಗಳಿ ಇಲ್ಲ. ತ್ವಾಳ ಬಂದ್ರ ಏನ ತೋರಸತೀರಿ? ಒಂದು ಚಲೋ ಆಯುಧ ಮಾಡಸ್ರಿ. ದಸರಾಕ್ಕ ಮಗಳನ್ನ ಕರಕೊಂಡ ಬರತೇನಿ. ಆಯುಧ ಮನಸಿಗೆ ಬಂದ್ರ ಬಿಟ್ಟ ಹೋಗತೇನಿ, ಇಲ್ಲಂದ್ರ ತಿರುಗಿ ಕರಕೊಂಡ ಹೋಗತೇನಿ" ಅಂತ ಪತ್ರ ಬರದಾರ.

"ಹೆಂಡತಿ ಬೇಕಂತನ ಇದನ್ನ ಮಾಡಸಾಕತ್ತೇನ್ರಿ ಅಕ್ಕಾರ" ಅಂದ್ರು ಪಾಪ.

ನಮ್ಮವರು ಕಾಗದ ಮಡಚಿ ವಾಪಸ್ ಕೊಟ್ರು. "ಸಾಹೇಬ್ರ, ತ್ವಾಳ ಬಂದಾಗ ಇದರಾಗ ಯಾವುದನ್ನ ತಗೀಬೇಕಂತ ನೀವು ಹುಡಕೂದ್ರಾಗ ಅದು ಉಂಡು ಕೈ ತೊಳಕೊಂಡ ಹೋಗಿರತೈತಿ."

೨. ಹನ್ನೆರಡು ಫೂಟು

ಹಂಗಾದ್ರ ಉದ್ದ ಕೋಲಿನ ಬರ್ಚಿನ ಇರಲಿ ಅಂತ ಆತು. ಕೋಲು ಎಷ್ಟು ಉದ್ದ ಬೇಕ್ರಿ ಅಂತ ಕೇಳಿದ್ರ ಸಾಹೇಬ್ರು ಟೇಪ ತಗದ್ರು. ತಾವು ಇಲ್ಲಿ ನಿಂತಂಗ, ತ್ವಾಳ ಅಲ್ಲಿ ನಿಂತಂಗ ಮಾಡಿ, ತ್ವಾಳದ ಜಾಗಾದಾಗ ನನ್ನನ್ನ ಟೇಪಿನ ತುದಿ ಹಿಡಕೊಂಡು ನಿಲ್ಲಿಸಿದ್ರು. ನಾನ ತ್ವಾಳ!

"ಅಕ್ಕಾರ, ಇನ್ನ ಸ್ವಲ್ಪ ಹಿಂದ ಸರೀರಿ. ಇನ್ನ ಸ್ವಲ್ಪ."

ಸರದು ಸರದು ನಾ ರಸ್ತಾಕ್ಕ ಬಂದ ನಿಂತೆ. ಹನ್ನೆರಡು ಫೂಟಿನ ಬಿದಿರ ಗಳಕ್ಕ ನಮ್ಮವರು ಬರ್ಚಿ ಕೂಡಿಸಿ ಕೊಟ್ರು.

ವಾರ ಕಳಿಯೂದ್ರಾಗ ಡೇರೆ ಕೆಲಸದ ಮುದುಕ ಖಲಾಸಿ ನಮ್ಮ ಕಡೆ ಸನಿಕಿ ಮಾಡಸಾಕ ಬಂದ. ಬಂದವನ ನಗಕೋತ ಹೊಟ್ಟಿ ಹಿಡಕೊಂಡು ಕುಂತ.

"ಯಾಕೋ ಮುತ್ಯಾ, ಏನಾತು?"

"ಡೇರೆ ಎಂಟ ಫೂಟ ಐತವ್ವಾ. ಬರ್ಚಿ ಹನ್ನೆರಡು. ಒಳಗ ಇಟ್ರ ಈ ಕಡಿ ಎರಡು ಫೂಟು ಹೊರಗ, ಆ ಕಡಿ ಎರಡು ಫೂಟು ಹೊರಗ. ಸಾಹೇಬ್ರು ದಿನಾ ಅದರ ಕೆಳಗ ನುಸುದು ಒಳಗ ಹೋಗತಾರ."

"ಮತ್ತ ತ್ವಾಳ ಹೆದರತಾವಿಲ್ಲೋ?"

"ತ್ವಾಳ ಯಾಕ ಬರತಾವ? ಎರಡೂ ತುದಿಗೆ ನಮ್ಮ ಮಂದಿ ಧೋತ್ರ ಒಣಾ ಹಾಕಾರ. ದೂರಿಂದ ನೋಡಿದ್ರ ಧರ್ಮಶಾಲಿ ಕಂಡಂಗ ಕಾಣತೈತಿ."

೩. ಹರಿತ ನೋಡೂದು

ಆಗ ನಮ್ಮವರಿಗೆ ಒಂದು ಯೋಚನಿ ಬಂತು. ಗೇಣುದ್ದದ ಚೂರಿ, ಹಿಡಿಕಿ ಕಬ್ಬಿಣದ್ದ, ಒಳಗ ಟೊಳ್ಳು. ಅದರಾಗ ಕೋಲು ಸಿಗಿಸಿದ್ರ ಬರ್ಚಿ, ಕೋಲು ತಗದ್ರ ಚೂರಿ. ಡೇರೆಯೊಳಗ ಇಟ್ರೂ ಯಾರ ಕಾಲಿಗೂ ಎಡತಾಕೂದಿಲ್ಲ. ಆರಿಸಿಕೊಳ್ಳಾಕ ಇರಲಿ ಅಂತ ಏಳು ಚೂರಿ ಬಡದು ಸಾಲಾಗಿ ಇಟ್ರು.

ನಮ್ಮ ಕಡಿ ಗಂಡಸರು ಹರಿತ ನೋಡೂದು ಹೆಂಗಂದ್ರ, ಮುಂಗೈ ಮ್ಯಾಲಿನ ಕೂದಲ ಬೋಳಿಸಿ. ಕೂದಲ ಹಾರಿದ್ರ ಮಾಲು ಖರೆ. ಸಂತಿಯೊಳಗ ಯಾರ ಎಡಗೈ ನುಣ್ಣಗ ಐತೋ ಅವರು ಹೊಸಾ ಕುಡಗೋಲ ತಗೊಂಡಾರಂತ ನಾವು ಹೆಣ್ಣಮಕ್ಕಳು ಗುರುತ ಹಿಡೀತಿದ್ವಿ.

ಸಾಹೇಬ್ರಿಗೂ ಇದನ್ನ ಹೇಳಿಕೊಟ್ವಿ. ಮೊದಲನೇ ಚೂರಿ ಎಡಗೈ ಮ್ಯಾಲ ಆಡಿಸಿದ್ರು, ಕೂದಲ ಹಾರಿದುವು. ರೈತರಾಗಿದ್ರ ಅಲ್ಲಿಗೆ ಮುಗೀತಿತ್ತು. ಇವರು ಸರ್ಕಾರಿ ಮಂದಿ, ಏಳನ್ನೂ ತಪಾಸ ಮಾಡಬೇಕು. ಎರಡನೇದಕ್ಕ ಎಡಗೈ ಖಾಲಿ. ನಾಕನೇದಕ್ಕ ಬಲಗೈಯೂ ಖಾಲಿ. ಐದನೇದಕ್ಕ ಪ್ಯಾಂಟ ಮಡಚಿ ಕಾಲಿನ ಮೀನಖಂಡಕ್ಕ ಕೈ ಹಾಕಿದ್ರು. ನಾ ಸೆರಗ ಬಾಯಾಗ ತುರಕೊಂಡು ಆ ಕಡಿ ತಿರುಗಿ ಕುಂತೆ.

ಏಳನೇದು ಮುಗಿಸಿ, "ಇದ ಚಲೋ ಅನಸತೈತಿ. ಆದ್ರೂ ಮೊದಲನೇದನ್ನ ಇನ್ನೊಮ್ಮೆ ನೋಡೋಣ" ಅಂದ್ರು.

ನಮ್ಮವರು ಸುತ್ತಿಗಿ ಕೆಳಗ ಇಟ್ಟು, "ಚೂರಿ ಬೇಕಾದಷ್ಟು ಮಾಡಿ ಕೊಡತೇನ್ರಿ ಸಾಹೇಬ್ರ. ಕೂದಲ ಎಲ್ಲಿಂದ ತರೂನ್ರಿ?"

೪. ಮೊದಲನೇ ಬ್ಯಾಟಿ

ಹದಿನೈದು ದಿನಕ್ಕ ಸಾಹೇಬ್ರು ಮತ್ತ ಬಂದ್ರು. ಚೂರಿ ತುದಿ ಕರ್ರಗ ಆಗಿತ್ತು, ಮ್ಯಾಲ ಏನೋ ಒಣಗಿ ಅಂಟಿತ್ತು. ನಮ್ಮವರ ಎದಿ ಉಬ್ಬಿತು. ತಾವಾಗೇ ಬಾಯಿ ಬಿಟ್ಟು ಕೇಳಿದ್ರು: "ಏನ ಹೊಡದ್ರಿ ಸಾಹೇಬ್ರ? ತ್ವಾಳೋ, ಹಂದಿಯೋ?"

ಸಾಹೇಬ್ರು ನೆಲ ನೋಡಿದ್ರು. "ಬದನಿಕಾಯ್ರಿ. ಕೋಲಿಗೆ ಸಿಗಿಸಿ ಕೆಂಡದ ಮ್ಯಾಲ ಹಿಡದ್ರ ಭಾಳ ಚಲೋ ಸುಡತೈತಿ."

ನಮ್ಮವರು ಚೂರಿ ತಿಕ್ಕಿ ಕೊಟ್ರು. ಸೈಕಲ್ ದೂರ ಹೋದ ಮ್ಯಾಲ ನನ್ನ ಕಡಿ ತಿರುಗಿ, "ನಮಗೂ ಒಂದು ಮಾಡಲೇನ?" ಅಂದ್ರು.

೫. ಖಂಡೇಪೂಜಿ ದಿನ

ದಸರಾ ಹಿಂದಿನ ದಿನ ಖಂಡೇಪೂಜಿ. ಕೆಲಸದ ಹತ್ಯಾರಗೋಳನ್ನೆಲ್ಲಾ ತೊಳದು, ವಿಭೂತಿ ಕುಂಕುಮ ಹಚ್ಚಿ, ಪೂಜಿಗೆ ಇಡತೇವಿ. ಇಟ್ಟ ಮ್ಯಾಲ ಮರುದಿನದ ತನಕ ಯಾರೂ ಮುಟ್ಟೂ ಹಂಗಿಲ್ಲ. ಹತ್ಯಾರ ಮಾಡಿಕೊಟ್ಟವರಂತ ನಮ್ಮಿಬ್ಬರನ್ನೂ ಡೇರೆ ಮಂದಿ ಪೂಜಿಗೆ ಕರದಿದ್ರು.

ಖಲಾಸಿ ಮುತ್ಯಾ ಭಾಳ ಹುರುಪಿನಿಂದ ಪೂಜಿ ಮಾಡಿದ್ದ. ಅಳತಿ ಸರಪಳಿ, ದುರ್ಬೀನು, ಸನಿಕಿ, ಎಲ್ಲಾದರ ನಡುವ ನಮ್ಮ ಬರ್ಚಿ. ಎದಿ ಮಟಾ ಬರೂವಂಥಾ ಕೋಲು ಸಿಗಿಸಿ, ಚೆಂಡುಹೂವಿನ ಸರ ಹಾಕಿ, ಶೋಭಾ ಕಾಣಲಿ ಅಂತ ಒಂದು ಚಿಪ್ಪು ಬಾಳಿಹಣ್ಣನ್ನೂ ಸುತ್ತಲಿ ಹಾಕಿ ಬಿಗದಿದ್ದ.

ಮಂಗಳಾರತಿ ಆತೋ ಇಲ್ಲೋ, ಬಾಡಗಿ ಗಾಡಿ ಬಂದು ನಿಂತಿತು. ಮುಂದ ಹುಕ್ಕೇರಿ ಮಾವ, ಹಿಂದ ಟ್ರಂಕಿನ ಬಾಜೂಕ ಮಗಳು. ಸಾಹೇಬ್ರು ಗಾಡಿ ಕಡಿ ನೋಡಿದ್ದು ನೋಡಿದ್ದ. ಮಾವ ಗಾಡಿಯವಗ ಹೇಳಿದ್ರು: "ಎತ್ತ ಬಿಚ್ಚಬ್ಯಾಡೋ. ನಾ ಆಯುಧ ನೋಡೂ ತನಕ ತಡಿ."

ಸಾಹೇಬ್ರು ಓಡಿ ಹೋಗಿ ಬರ್ಚಿಗೆ ಕೈ ಚಾಚಿದ್ರು.

"ಮುಟ್ಟಬ್ಯಾಡ್ರಿ!" ಅಂತ ಖಲಾಸಿ ಅಡ್ಡ ಬಂದ. "ಪೂಜಿ ಆಗೇತಿ!"

ಮಾವನೂ ದೇವರು ದಿಂಡರು ಅಂತ ಭಾಳ ನಡಕೊಳ್ಳೋ ಮನಷ್ಯಾ. ಎತ್ತಿ ತೋರಸ್ರಿ ಅನ್ನಾಕ ಬಾಯಿ ಬರಲಿಲ್ಲ. "ಅಲ್ಲಪಾ, ಇವತ್ತ ತ್ವಾಳ ಬಂದ್ರ ಏನ ಮಾಡತೀರಿ?"

"ಅದಕ್ಕೂ ಇವತ್ತ ಹಬ್ಬ ಅಲ್ಲೇನ್ರಿ?" ಅಂದ ಖಲಾಸಿ.

ತ್ವಾಳ ಬರಲಿಲ್ಲ. ಗುಡ್ಡದ ಮ್ಯಾಲಿಂದ ಒಂದು ಮಂಗ್ಯಾ ಬಂತು. ದೊಡ್ಡದು, ಮಾರಿ ಕರ್ರಗ. ಬಂದದ್ದ ಬಾಳಿಹಣ್ಣಿಗೆ ಕೈ ಹಾಕಿ ಎಳೀತು. ಮುತ್ಯಾ ಬಿಗದ ಹಗ್ಗ ಬಿಡಲಿಲ್ಲ, ಹಣ್ಣಿನ ಜೋಡಿ ಬರ್ಚಿನೂ ಬಂತು. ಮಂಗ್ಯಾ ಬರ್ಚಿ ಸಮೇತ ಡೇರೆ ನೆತ್ತಿ ಮ್ಯಾಲ ಹತ್ತಿ ಕುಂತು, ಅದನ್ನ ತೊಡಿ ಮ್ಯಾಲ ಅಡ್ಡ ಇಟಗೊಂಡು ಹಣ್ಣು ಸುಲಿಯಾಕ ಹತ್ತಿತು. ಕೊಳ್ಳಾಗ ಚೆಂಡುಹೂವಿನ ಸರ ಒಂದು ಕಡಿಮಿ ಇತ್ತು, ಅದೂ ಸಿಗಹಾಕೊಂತು.

ಖಲಾಸಿ ಕೈ ಮುಗದ: "ಹಣಮಪ್ಪ ತಾನ ಬಂದು ಎತ್ತಿಕೊಂಡಾನ!"

ಮಾವ ಗಾಡಿ ಗಾಲಿ ಹಿಂದ ಅಡಗಿ ಅರ್ಧ ಕೈ ಮುಗದ್ರು, ಅರ್ಧ ಗಾಲಿ ಹಿಡದ್ರು. ಸಾಹೇಬ್ರು ನಕಾಶಿ ಕಾಗದ ಸುರುಳಿ ಮಾಡಿ "ಹುಶ್, ಹುಶ್" ಅನ್ನಕೋತ ಮುಂದ ಹೋದ್ರು. ಮಂಗ್ಯಾ ಬರ್ಚಿ ತುದಿ ಅವರ ಕಡಿ ತಿರುವಿತು. ಸಾಹೇಬ್ರು ಎಷ್ಟು ಮುಂದ ಹೋಗಿದ್ರೋ ಅದರ ಎರಡ ಪಟ್ಟು ಹಿಂದ ಬಂದ್ರು.

"ಗಾಡಿ ತಿರುವೋ!" ಅಂದ್ರು ಮಾವ.

ಸಾಹೇಬ್ರ ಕಣ್ಣಾಗ ನೀರು ಬಂದಿದ್ದುವು. ನಾಕು ತಿಂಗಳ ಖಟಪಟಿ, ಕೈ ಕಾಲಿನ ಕೂದಲ, ಎಲ್ಲಾ ನೀರಾಗ ಹೋತು.

ಗಾಡಿ ತಿರುಗೂದ್ರಾಗ ಆ ಹುಡುಗಿ ಕೆಳಗ ಜಿಗದ್ಲು. ಸೆರಗ ನಡಕ್ಕ ಸಿಗಿಸಿ ಪೂಜಿ ಮುಂದ ಬಂದು, ಒಡದ ತೆಂಗಿನಕಾಯಿ ಹೋಳು ಎತ್ತಿ ಡೇರೆ ಆಚೆ ದೂರ ಬೀಸಿ ಒಗದ್ಲು. ಮಂಗ್ಯಾ ಬರ್ಚಿ ಬಿಟ್ಟು ಕಾಯಿ ಹಿಂದ ಹಾರಿತು. ಬರ್ಚಿ ತಲಿಕೆಳಗಾಗಿ ಬಂದು ಸಾಹೇಬ್ರ ಹೆಬ್ಬೆರಳ ಮುಂದ ಮೂರು ಬೆರಳು ನೆಲಕ್ಕ ಇಳದು ನಡಗಕೋತ ನಿಂತಿತು.

ನಮ್ಮವರು ಸಮಾಧಾನದಿಂದ, "ಹರಿತ ಐತಿ, ನೋಡ್ರಿ" ಅಂದ್ರು.

ಮಾವ ಗಾಲಿ ಹಿಂದಿಂದ ತಲಿ ಹೊರಗ ಹಾಕಿದ್ರು. "ಆಯುಧ ಚಲೋ ಐತಿ, ನಾ ಇಲ್ಲ ಅನ್ನೂದಿಲ್ಲ. ಆದ್ರ ಅಳ್ಯಾರಿಗೆ ಅದನ್ನ ಹಿಡಿಯಾಕ ಬರಬೇಕಲ್ಲವ್ವಾ? ನಡಿ, ಗಾಡಿ ಹತ್ತು."

ಹುಡುಗಿ ಗಾಡಿ ಕಡಿ ಹೋದ್ಲು. ಸಾಹೇಬ್ರು ಉಸರ ಹಿಡದ್ರು, ನಾನೂ ಹಿಡದೆ. ಆಕಿ ಗಾಡಿ ಹತ್ತಲಿಲ್ಲ. ಟ್ರಂಕ ಎಳದು ಕೆಳಗ ಇಟ್ಲು. ತಲಿ ತಗ್ಗಿಸಿ ಸಣ್ಣ ದನಿಲೆ ಹೇಳಿದ್ಲು ಖರೆ, ಡೇರೆ ಮಂದಿಗೆಲ್ಲಾ ಕೇಳಸ್ತು:

"ಅಪ್ಪಾ, ಮಂಗ್ಯಾ ಒಂದ ಘಳಿಗಿಯೊಳಗ ಬರ್ಚಿ ಹಿಡಿಯೂದು ಕಲ್ತತು. ಇವರು ಓದಿದವರು. ಎರಡು ದಿನದಾಗ ಕಲಸತೇನಿ, ನೀ ಹೋಗು."